ಶಿಸ್ತಿನ ಕಾರಣಕ್ಕೆ ಮುಖ್ಯ ಗೋಲುಗಾರನನ್ನು ಹೊರಗಿಟ್ಟು ಸೋತೆವು: ಕಟ್ಟುತ್ತಿರುವ ತಂಡದಿಂದ ಎಷ್ಟನ್ನು ನಿರೀಕ್ಷಿಸುವುದು ನ್ಯಾಯ?

ಎಡಬದಿಯವನು (ಪ್ರಶ್ನೆ):

ನಾನು ಇಪ್ಪತ್ತು ವರ್ಷಗಳಿಂದ ಒಂದೇ ಫುಟ್‌ಬಾಲ್ ಕ್ಲಬ್ಬಿನ ಅಭಿಮಾನಿ. ಅದರ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಬರೆದರೆ ಮೊದಲ ನಾಲ್ಕು ಉತ್ತರಗಳು ಆ ಹೆಸರನ್ನು ಗೇಲಿ ಮಾಡುವುದರಲ್ಲೇ ಮುಗಿಯುತ್ತವೆ ಎಂಬುದು ಅನುಭವದಿಂದ ಗೊತ್ತು. ಹಿಂದೊಮ್ಮೆ ಲೀಗ್ ಗೆದ್ದಿದ್ದ, ಈಗ ಅಂಕಪಟ್ಟಿಯ ನಡುವಿನಲ್ಲಿ ಸಿಕ್ಕಿಕೊಂಡಿರುವ ತಂಡ ಎಂದಷ್ಟು ತಿಳಿದರೆ ಸಾಕು.

ಒಂದೂವರೆ ವರ್ಷದ ಹಿಂದೆ ಹೊಸ ಮ್ಯಾನೇಜರ್ ಬಂದರು. ಬಂದ ಮೊದಲ ಬೇಸಿಗೆಯಲ್ಲೇ ಮೂವತ್ತು ದಾಟಿದ ಐವರನ್ನು ಕಳುಹಿಸಿ, ಅವರ ಜಾಗಕ್ಕೆ ಇಪ್ಪತ್ತೆರಡು, ಇಪ್ಪತ್ತಮೂರರ ಹುಡುಗರನ್ನು ತಂದರು. ಹಿಂದಿನಿಂದ ಚೆಂಡನ್ನು ಎತ್ತಿ ಒದೆಯುತ್ತಿದ್ದ ತಂಡಕ್ಕೆ ಗೋಲ್‌ಕೀಪರ್‌ನಿಂದಲೇ ಪಾಸುಗಳ ಮೂಲಕ ಮೇಲೆ ಬರುವ ಆಟವನ್ನು ಕಲಿಸತೊಡಗಿದರು. ಕಳೆದ ಸೀಸನ್ನನ್ನು ಒಂಬತ್ತನೇ ಸ್ಥಾನದಲ್ಲಿ ಮುಗಿಸಿದೆವು. ಈ ಸಲ ಹನ್ನೆರಡು ಪಂದ್ಯಗಳಾದ ಮೇಲೆ ಹತ್ತನೆಯವರಾಗಿದ್ದೇವೆ. ಅಂದರೆ ಕಾಗದದ ಮೇಲೆ ಒಂದು ಮೆಟ್ಟಿಲು ಕೆಳಗೇ ಇಳಿದಿದ್ದೇವೆ.

ಕಳೆದ ಶನಿವಾರದ ಪಂದ್ಯಕ್ಕೆ ನಮ್ಮ ಅತಿ ಹೆಚ್ಚು ಗೋಲು ಹೊಡೆದ ಆಟಗಾರನ ಹೆಸರು ಪಟ್ಟಿಯಲ್ಲೇ ಇರಲಿಲ್ಲ, ಬದಲಿ ಆಟಗಾರರ ಸಾಲಿನಲ್ಲೂ ಇರಲಿಲ್ಲ. ತಂಡದ ಸಭೆಗೆ ಮೂರನೇ ಸಲ ತಡವಾಗಿ ಬಂದದ್ದಕ್ಕೆ ಅವನನ್ನು ಮನೆಗೆ ಕಳುಹಿಸಲಾಗಿತ್ತೆಂದು ಪಂದ್ಯದ ನಂತರ ಮ್ಯಾನೇಜರೇ ಒಪ್ಪಿಕೊಂಡರು. ಅವನ ಜಾಗದಲ್ಲಿ ಹತ್ತೊಂಬತ್ತರ ಹುಡುಗ ಆಡಿದ. 78ನೇ ನಿಮಿಷದಲ್ಲಿ ಎಡಗಡೆಯಿಂದ ಬಂದ ಕ್ರಾಸ್ ಗೋಲ್‌ಕೀಪರ್‌ನನ್ನು ದಾಟಿ ನೇರ ಆ ಹುಡುಗನ ಬಲಗಾಲಿಗೇ ಬಿತ್ತು. ಆರು ಗಜದ ದೂರವೂ ಇರಲಿಲ್ಲ. ಅವನು ಅದನ್ನು ಅಡ್ಡಪಟ್ಟಿಯ ಮೇಲಿಂದ ಹಾರಿಸಿದ. ಆರು ನಿಮಿಷಗಳ ನಂತರ ಕಾರ್ನರ್‌ನಿಂದ ಗೋಲು ಬಿಟ್ಟುಕೊಟ್ಟು 0–1ರಲ್ಲಿ ಸೋತೆವು.

ಜೊತೆಯಲ್ಲಿ ಪಂದ್ಯ ನೋಡುವ ನನ್ನ ಗೆಳೆಯನ ಪ್ರಕಾರ ಇದು ಮ್ಯಾನೇಜರ್ ತನ್ನ ಅಹಂಕಾರಕ್ಕೆ ಗೆಲುವಿನ ಮೂರು ಅಂಕಗಳನ್ನು ಬಲಿಕೊಟ್ಟ ಪ್ರಕರಣ. ನನಗೆ ಹಾಗೆ ಅನ್ನಿಸುತ್ತಿಲ್ಲವಾದರೂ ಅವನ ವಾದಕ್ಕೆ ಸರಿಯಾದ ಉತ್ತರ ಕೊಡಲು ನನ್ನಿಂದ ಆಗಲಿಲ್ಲ. ಆದ್ದರಿಂದ ಅಭಿಮಾನಿಗಳ ಈ ವೇದಿಕೆಯಲ್ಲಿ ಕೇಳುತ್ತಿದ್ದೇನೆ. ಕಟ್ಟುವ ಹಂತದಲ್ಲಿರುವ ತಂಡಕ್ಕೆ ಶಿಸ್ತು ನಿಜವಾಗಿಯೂ ಅಷ್ಟು ಮುಖ್ಯವೇ, ಅಥವಾ ಗೆಲ್ಲುವ ತಂಡಗಳು ಹಿಂತಿರುಗಿ ನೋಡುವಾಗ ಹೇಳಿಕೊಳ್ಳುವ ಮಾತೇ? ಎರಡನೆಯದಾಗಿ, ಇಂಥ ತಂಡದ ಅಭಿಮಾನಿ ಎಷ್ಟು ಕಾಲ, ಏನನ್ನು ನೋಡಿಕೊಂಡು ಕಾಯಬೇಕು? "ತಾಳ್ಮೆ ಇರಲಿ" ಎಂಬ ಒಂದೇ ಸಾಲಿನ ಉತ್ತರ ದಯವಿಟ್ಟು ಬೇಡ.

ಉತ್ತರ ಗ್ಯಾಲರಿ:

ನಾನು ಇಂಗ್ಲೆಂಡಿನ ಆರ್ಸೆನಲ್ ಕ್ಲಬ್ಬಿನ ಅಭಿಮಾನಿ. ಹೆಸರು ಹೇಳಲು ನನಗೆ ಸಂಕೋಚವಿಲ್ಲ, ಗೇಲಿಗೆ ಒಳಗಾಗುವುದು ನಮಗೆ ಎಂದೋ ಅಭ್ಯಾಸವಾಗಿಹೋಗಿದೆ. ನಿಮ್ಮ ಬರಹ ಓದುತ್ತಿದ್ದಂತೆ 2021ರ ಆಗಸ್ಟ್ ಕಣ್ಣ ಮುಂದೆ ಬಂತು. ಬ್ರೆಂಟ್‌ಫರ್ಡ್ ಎದುರು 0–2, ಚೆಲ್ಸಿ ಎದುರು 0–2, ಮ್ಯಾಂಚೆಸ್ಟರ್ ಸಿಟಿ ಎದುರು 0–5; ಮೂರು ಪಂದ್ಯ, ಒಂಬತ್ತು ಗೋಲು ಬಿಟ್ಟುಕೊಟ್ಟು ಒಂದನ್ನೂ ಹೊಡೆಯದೆ ನಾವು ಪಟ್ಟಿಯ ತಳದಲ್ಲಿ ಕುಳಿತಿದ್ದೆವು. ಮ್ಯಾನೇಜರ್ ಮಿಕೆಲ್ ಆರ್ಟೆಟಾ ಬಂದು ಆಗಲೇ ಇಪ್ಪತ್ತು ತಿಂಗಳಾಗಿತ್ತು, ಅದಕ್ಕೆ ಹಿಂದಿನ ಎರಡು ಸೀಸನ್‌ಗಳಲ್ಲಿ ಎಂಟನೇ ಸ್ಥಾನ ಬಂದಿತ್ತು. ಆ ರಾತ್ರಿ ಆತ ಹೋಗಲಿ ಎಂದು ಬರೆದವರಲ್ಲಿ ನಾನೂ ಒಬ್ಬ. ಈಗ ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಅದೇ ಬೇಸಿಗೆಯಲ್ಲಿ ಕ್ಲಬ್ ಖರೀದಿಸಿದ ಆರು ಆಟಗಾರರಲ್ಲಿ ಒಬ್ಬನಿಗೂ ಇಪ್ಪತ್ತಮೂರು ದಾಟಿರಲಿಲ್ಲ ಎಂಬುದನ್ನು ನಾನು ಆಗ ಗಮನಿಸಿರಲಿಲ್ಲ. ಬೆನ್ ವೈಟ್, ರ‍್ಯಾಮ್ಸ್‌ಡೇಲ್, ಟೊಮಿಯಾಸು, ಓಡೆಗಾರ್ಡ್ ಇವರೆಲ್ಲ ಆ ಸಾಲಿನವರು. 2019ರಲ್ಲೇ ಕೊಂಡಿದ್ದ ವಿಲಿಯಂ ಸಲಿಬಾ ಮೂರು ಫ್ರೆಂಚ್ ಕ್ಲಬ್ಬುಗಳಲ್ಲಿ ಎರವಲು ಆಟಗಾರನಾಗಿ ಆಡಿ, ನಮ್ಮ ಪರ ಮೊದಲ ಪಂದ್ಯ ಆಡಿದ್ದು 2022ರ ಆಗಸ್ಟ್‌ನಲ್ಲಿ. ಒಬ್ಬ ಡಿಫೆಂಡರ್ ಪಕ್ವವಾಗಲು ಮೂರು ವರ್ಷ! ಅಭಿಮಾನಿಯಾದವನಿಗೆ ಇಂಥ ಲೆಕ್ಕ ಒಗ್ಗುವುದಿಲ್ಲ, ಏಕೆಂದರೆ ನಾವು ಬದುಕುವುದು ಒಂದು ಶನಿವಾರದಿಂದ ಇನ್ನೊಂದು ಶನಿವಾರಕ್ಕೆ.

ಈಗ ನಿಮ್ಮ ಗೋಲುಗಾರನ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲೂ ಒಬ್ಬನಿದ್ದ, ಅದೂ ನಾಯಕನೇ. 2021ರ ಮಾರ್ಚ್‌ನಲ್ಲಿ ಟಾಟನ್‌ಹ್ಯಾಮ್ ಎದುರಿನ ಪಂದ್ಯಕ್ಕೆ ತಡವಾಗಿ ಬಂದದ್ದಕ್ಕಾಗಿ ಔಬಮೆಯಾಂಗ್‌ನನ್ನು ಆರ್ಟೆಟಾ ಬೆಂಚಿನಲ್ಲಿ ಕೂರಿಸಿದರು. ಆ ಪಂದ್ಯವನ್ನು 2–1ರಿಂದ ಗೆದ್ದೆವು, ಹಾಗಾಗಿ ಎಲ್ಲರೂ ಶಿಸ್ತನ್ನು ಹೊಗಳಿದರು. ಅದೇ ವರ್ಷ ಡಿಸೆಂಬರ್‌ನಲ್ಲಿ ಮತ್ತೊಂದು ಶಿಸ್ತುಭಂಗವಾದಾಗ ನಾಯಕತ್ವವೇ ಹೋಯಿತು. ಮುಂದಿನ ಫೆಬ್ರವರಿಯಲ್ಲಿ ಆತ ಯಾವ ವರ್ಗಾವಣೆ ಶುಲ್ಕವೂ ಇಲ್ಲದೆ ಬಾರ್ಸಿಲೋನಾ ಸೇರಿದ. ಅವನ ಜಾಗಕ್ಕೆ ಆ ಜನವರಿಯ ವರ್ಗಾವಣೆ ಅವಧಿಯಲ್ಲಿ ಯಾರನ್ನೂ ಕೊಳ್ಳಲಿಲ್ಲ. ಸೀಸನ್ ಮುಗಿದಾಗ ನಾವು 69 ಅಂಕಗಳೊಂದಿಗೆ ಐದನೆಯವರಾಗಿದ್ದೆವು, ಟಾಟನ್‌ಹ್ಯಾಮ್ 71ರೊಂದಿಗೆ ನಾಲ್ಕನೆಯದಾಗಿ ಯುರೋಪಿನ ಅಗ್ರ ಕ್ಲಬ್ಬುಗಳ ಚಾಂಪಿಯನ್ಸ್ ಲೀಗ್‌ಗೆ ಹೋಯಿತು. ಎರಡೇ ಅಂಕ. ಅವನಿದ್ದಿದ್ದರೆ ಆ ಎರಡು ಅಂಕ ಸಿಗುತ್ತಿದ್ದವೇ ಎಂದು ಕೇಳಿದರೆ, ಬಹುಶಃ ಸಿಗುತ್ತಿದ್ದವು ಎಂದೇ ನನ್ನ ಉತ್ತರ. ಹಾಗಾಗಿ ನಿಮ್ಮ ಗೆಳೆಯ ಹೇಳುವುದರಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಶಿಸ್ತಿಗೆ ಬೆಲೆ ತೆರಬೇಕಾಗುತ್ತದೆ, ಅದನ್ನು ಅಂಕಗಳಲ್ಲೇ ತೆರಬೇಕಾಗುತ್ತದೆ. ಮುಂದಿನ ಸೀಸನ್‌ನಲ್ಲಿ 84 ಅಂಕ ಗಳಿಸಿ ಎರಡನೆಯವರಾದೆವು. ಅದಾದ ಮೇಲೂ ಎರಡು ಸೀಸನ್ ಎರಡನೇ ಸ್ಥಾನದಲ್ಲೇ ಉಳಿದೆವು ಎಂಬುದನ್ನೂ ಸೇರಿಸಬೇಕು, ಇಲ್ಲದಿದ್ದರೆ ಕಥೆ ಸಿಹಿಯಾಗಿಬಿಡುತ್ತದೆ.

ಒಂದು ಮಾತು ಮಾತ್ರ ಬಿಡಲಾರೆ. ಶಿಸ್ತು ಎಂದ ಕೂಡಲೇ ಎಲ್ಲರಿಗೂ ಹೊರಹಾಕುವುದೇ ನೆನಪಾಗುತ್ತದೆ. 2019ರ ಅಕ್ಟೋಬರ್‌ನಲ್ಲಿ ಗ್ರಾನಿಟ್ ಜಾಕಾ ಪ್ರೇಕ್ಷಕರ ಅಣಕಕ್ಕೆ ಕೈಸನ್ನೆ ಮಾಡಿ, ಅಂಗಿಯನ್ನು ಕಳಚಿ ಮೈದಾನದಿಂದ ಒಳಗೆ ನಡೆದಿದ್ದ. ಆಗಿನ ಮ್ಯಾನೇಜರ್ ಉನಾಯ್ ಎಮೆರಿ ಅವನ ನಾಯಕತ್ವ ಕಿತ್ತುಕೊಂಡರು. ಬಿಟ್ಟುಹೋಗಲು ಸಿದ್ಧನಾಗಿದ್ದ ಅವನನ್ನು ಕೆಲವೇ ವಾರಗಳ ನಂತರ ಬಂದ ಆರ್ಟೆಟಾ ಮನವೊಲಿಸಿ ಉಳಿಸಿಕೊಂಡರು. ಆ 84 ಅಂಕಗಳ ತಂಡದ ನಡುಭಾಗದಲ್ಲಿ ಅವನೇ ಇದ್ದ. ಯಾರನ್ನು ಕಳುಹಿಸಬೇಕು, ಯಾರ ಹೆಗಲ ಮೇಲೆ ಕೈ ಹಾಕಬೇಕು ಎಂಬ ವಿವೇಚನೆ ನಿಮ್ಮ ಮ್ಯಾನೇಜರ್‌ಗೆ ಇದೆಯೇ ಎಂಬುದನ್ನು ನೋಡಿ, ಒಂದು ಸೋಲಿನಿಂದ ಅದು ತಿಳಿಯುವುದಿಲ್ಲ.

ಮಧ್ಯಂತರ ವಿರಾಮ:

ಮೇಲಿನ ಉತ್ತರ ಚೆನ್ನಾಗಿದೆ, ಆದರೆ ಅದು ಬದುಕುಳಿದವರ ಸಾಕ್ಷ್ಯ. ಕಾದು ಫಲ ಕಂಡವರು ಮಾತ್ರ ಕಾಯಿರಿ ಎಂದು ಬರೆಯುತ್ತಾರೆ. ಕಾದು ಕೆಟ್ಟವರು ಚರ್ಚೆಗಳಿಂದಲೇ ಕಾಣೆಯಾಗಿರುತ್ತಾರೆ.

ನಾನು ಮ್ಯಾಂಚೆಸ್ಟರ್ ಯುನೈಟೆಡ್ ಕಡೆಯವನು, ಆದ್ದರಿಂದ ನನ್ನ ಕಿವಿಗೆ ಈ ಉಪದೇಶ ಬೀಳುವುದು ನಮ್ಮ ಹಿಂದಿನ ಮ್ಯಾನೇಜರ್ ಫರ್ಗ್ಯುಸನ್ ಹೆಸರಿನಲ್ಲಿ. 1986ರ ನವೆಂಬರ್‌ನಲ್ಲಿ ಬಂದರು, 1989ರ ಸೆಪ್ಟೆಂಬರ್‌ನಲ್ಲಿ ಸಿಟಿ ಎದುರು 1–5ರಿಂದ ಸೋತರು, ಆ ಸೀಸನ್ನನ್ನು ಹದಿಮೂರನೇ ಸ್ಥಾನದಲ್ಲಿ ಮುಗಿಸಿದರು, ಅದೇ ಸೀಸನ್‌ನ ಕೊನೆಗೆ ಇಂಗ್ಲೆಂಡಿನ ನಾಕೌಟ್ ಪಂದ್ಯಾವಳಿಯಾದ ಎಫ್‌ಎ ಕಪ್ ಬಂತು, ಲೀಗ್ ಬಂದದ್ದು 1993ರಲ್ಲಿ. ಎಲ್ಲವೂ ನಿಜ. ಆದರೆ ಈ ಕಥೆಯನ್ನು ಹಿಡಿದು ಎಷ್ಟು ಮ್ಯಾನೇಜರ್‌ಗಳನ್ನು ಸಮರ್ಥಿಸಿದ್ದೇವೆ! 2013ರಲ್ಲಿ ಡೇವಿಡ್ ಮೋಯ್ಸ್‌ಗೆ ಆರು ವರ್ಷಗಳ ಒಪ್ಪಂದ ಕೊಟ್ಟು ಹತ್ತು ತಿಂಗಳಲ್ಲಿ ಮನೆಗೆ ಕಳುಹಿಸಿದೆವು. ಅಲ್ಲಿಂದ ಮುಂದೆ ಬಂದ ಪ್ರತಿಯೊಬ್ಬರ ಕಾಲದಲ್ಲೂ "ಈಗ ಕಟ್ಟುತ್ತಿದ್ದೇವೆ" ಎಂಬ ಮಾತನ್ನೇ ಕೇಳಿದ್ದೇನೆ. 2024–25ರಲ್ಲಿ 42 ಅಂಕಗಳೊಂದಿಗೆ ಹದಿನೈದನೇ ಸ್ಥಾನಕ್ಕೆ ಬಂದು ನಿಂತೆವು. ಕಟ್ಟುವುದಕ್ಕೂ ಒಂದು ನಕ್ಷೆ ಬೇಡವೇ? ನಮ್ಮಲ್ಲಿ ಪ್ರತಿಯೊಬ್ಬರೂ ಹಿಂದಿನವರ ಗೋಡೆಯನ್ನು ಕೆಡವಿ ತಮ್ಮ ಪಾಯ ತೋಡಿದರು.

ಶಿಸ್ತಿನ ಬಗ್ಗೆಯೂ ನಮ್ಮಲ್ಲಿ ಉದಾಹರಣೆಗೆ ಬರವಿಲ್ಲ. 2022ರ ಡಿಸೆಂಬರ್ 31ರಂದು, ನಿದ್ದೆಯಿಂದ ಏಳುವುದು ತಡವಾಗಿ ತಂಡದ ಸಭೆ ತಪ್ಪಿಸಿಕೊಂಡ ರ‍್ಯಾಶ್‌ಫರ್ಡ್‌ನನ್ನು ಆಗಿನ ಮ್ಯಾನೇಜರ್ ಎರಿಕ್ ಟೆನ್ ಹಾಗ್ ಆರಂಭದ ಹನ್ನೊಂದರಿಂದ ಕೈಬಿಟ್ಟರು. ಆತ ಮಧ್ಯಂತರದ ನಂತರ ಕಣಕ್ಕಿಳಿದು ವುಲ್ವ್ಸ್ ಎದುರು ಪಂದ್ಯದ ಏಕೈಕ ಗೋಲು ಹೊಡೆದ. ಪಾಠವೂ ಆಯಿತು, ಗೆಲುವೂ ಆಯಿತು! ಆ ಸೀಸನ್ ಮೂರನೇ ಸ್ಥಾನ, ಲೀಗ್ ಕಪ್ ಎರಡೂ ಬಂದವು. ಮುಂದಿನ ಸೀಸನ್ ಎಂಟನೆಯ ಸ್ಥಾನ. 2024ರ ಅಕ್ಟೋಬರ್‌ನಲ್ಲಿ ಟೆನ್ ಹಾಗ್ ಹೊರಗೆ. ಒಬ್ಬ ಆಟಗಾರನನ್ನು ಒಂದು ಮಧ್ಯಾಹ್ನ ಸರಿದಾರಿಗೆ ತಂದರೆ ತಂಡ ಕಟ್ಟಿದಂತಾಗುವುದಿಲ್ಲ. ಇನ್ನು ಫರ್ಗ್ಯುಸನ್‌ರಂಥವರೂ ಎಡವಿದ್ದುಂಟು: 2001ರಲ್ಲಿ ಡಿಫೆಂಡರ್ ಯಾಪ್ ಸ್ಟಾಮ್‌ನನ್ನು ಲಾಜಿಯೊಗೆ ಮಾರಿದ್ದು ತಪ್ಪಾಯಿತೆಂದು ಅವರೇ ನಂತರ ಒಪ್ಪಿಕೊಂಡಿದ್ದಾರೆ.

ಕಾಲದ ಪ್ರಶ್ನೆಗೂ ಒಂದು ವಿರುದ್ಧ ಸಾಕ್ಷಿ ಕೊಡುತ್ತೇನೆ. 2022ರ ಅಕ್ಟೋಬರ್‌ನಲ್ಲಿ ಕ್ಸಾಬಿ ಅಲೊನ್ಸೊ ಮ್ಯಾನೇಜರ್ ಆಗಿ ಬಂದಾಗ ಜರ್ಮನಿಯ ಬೇಯರ್ ಲೆವರ್ಕುಸೆನ್ ಕೊನೆಯಿಂದ ಎರಡನೇ ಸ್ಥಾನದಲ್ಲಿತ್ತು. ಆ ಸೀಸನ್ ಆರನೆಯದಾಗಿ ಮುಗಿಯಿತು, ಮುಂದಿನದರಲ್ಲಿ 28 ಗೆಲುವು, 6 ಡ್ರಾ, ಒಂದೂ ಸೋಲಿಲ್ಲದೆ 90 ಅಂಕಗಳೊಂದಿಗೆ ಕ್ಲಬ್ಬಿನ ಮೊಟ್ಟಮೊದಲ ಬುಂಡೆಸ್‌ಲಿಗಾ ಪ್ರಶಸ್ತಿ. ಹಾಗಿರುವಾಗ ಒಂದೂವರೆ ವರ್ಷ ಏನೇನೂ ಸಾಲದು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಎಲ್ಲರೂ ಲೆವರ್ಕುಸೆನ್ ಆಗಲಾರರು, ಸರಿ; ಆದರೆ ಹದಿನೆಂಟು ತಿಂಗಳಲ್ಲಿ ಏನಾದರೊಂದು ಗುರುತು ಕಾಣಲೇಬೇಕು. ನಿಮ್ಮ ಬರಹದಲ್ಲಿ ಆ ಗುರುತು ನನಗೆ ಕಾಣಲಿಲ್ಲ. ಸ್ಥಾನ ಬರೆದಿದ್ದೀರಿ, ಸೋಲು ಬರೆದಿದ್ದೀರಿ. ತಂಡ ಹೇಗೆ ಆಡುತ್ತಿದೆ ಎಂದು ಬರೆದೇ ಇಲ್ಲ.

ಖಾತೆಪುಸ್ತಕ:

ನನ್ನ ವೃತ್ತಿ ಲೆಕ್ಕಪತ್ರದ್ದಾದ್ದರಿಂದ, ಅಭಿಮಾನಿಗಳು ಸಾಮಾನ್ಯವಾಗಿ ಮರೆಯುವ ಒಂದು ಕಡೆಯನ್ನಷ್ಟೇ ಹೇಳಿ ಸುಮ್ಮನಾಗುತ್ತೇನೆ. ತಂಡ ಕಟ್ಟುವ ಕೆಲಸ ಏಕೆ ನಿಧಾನ ಎಂಬುದಕ್ಕೆ ಅರ್ಧ ಕಾರಣ ಮೈದಾನದಲ್ಲಿಲ್ಲ, ಒಪ್ಪಂದಗಳಲ್ಲಿದೆ.

ಒಬ್ಬ ಆಟಗಾರನನ್ನು 6 ಕೋಟಿ ಪೌಂಡ್‌ಗೆ ಐದು ವರ್ಷದ ಒಪ್ಪಂದದ ಮೇಲೆ ಕೊಂಡರೆಂದು ಇಟ್ಟುಕೊಳ್ಳಿ. ಲೆಕ್ಕದಲ್ಲಿ ಆ ಮೊತ್ತ ಒಂದೇ ವರ್ಷಕ್ಕೆ ಬೀಳುವುದಿಲ್ಲ, ವರ್ಷಕ್ಕೆ 1.2 ಕೋಟಿಯಂತೆ ಐದು ವರ್ಷಕ್ಕೆ ಹಂಚಿಹೋಗುತ್ತದೆ. ಎರಡು ವರ್ಷ ಕಳೆದ ಮೇಲೆ ಅವನು ಕೆಲಸಕ್ಕೆ ಬಾರದವನೆಂದು ಗೊತ್ತಾದರೆ ಪುಸ್ತಕದಲ್ಲಿ ಅವನ ಮೌಲ್ಯ ಇನ್ನೂ 3.6 ಕೋಟಿ ಇರುತ್ತದೆ. ಮಾರುಕಟ್ಟೆಯಲ್ಲಿ 2 ಕೋಟಿಗಷ್ಟೇ ಕೇಳುವವರಿದ್ದರೆ, ಮಾರಿದ ದಿನವೇ 1.6 ಕೋಟಿ ನಷ್ಟ ತೋರಿಸಬೇಕು. ಜೊತೆಗೆ, ಹಳೆಯ ಆಡಳಿತ ಕೊಟ್ಟ ದೊಡ್ಡ ಸಂಬಳವನ್ನು ಬಿಟ್ಟು ಚಿಕ್ಕ ಸಂಬಳದ ಕ್ಲಬ್ಬಿಗೆ ಹೋಗಲು ಆಟಗಾರನೇ ಒಪ್ಪುವುದಿಲ್ಲ, ಒಪ್ಪಬೇಕೆಂಬ ನಿಯಮವೂ ಇಲ್ಲ. ಹೀಗಾಗಿ "ಆ ಐವರನ್ನೂ ಈ ಜನವರಿಯಲ್ಲೇ ಮಾರಿಬಿಡಿ" ಎಂದು ನಾವು ಬರೆಯುವುದು ಸುಲಭ, ಕ್ಲಬ್ಬಿಗೆ ಅದು ಎರಡು ಮೂರು ಬೇಸಿಗೆಗಳ ಕೆಲಸ. ನಿಮ್ಮ ಮ್ಯಾನೇಜರ್ ಒಂದೇ ಬೇಸಿಗೆಯಲ್ಲಿ ಐವರನ್ನು ಕಳುಹಿಸಿದ್ದಾರೆಂದರೆ ಮೇಲಿನವರು ಅವರ ಹಿಂದೆ ನಿಂತಿದ್ದಾರೆ ಎಂದೇ ಅರ್ಥ. ಇದನ್ನು ಚಿಕ್ಕ ವಿಷಯವೆಂದು ತಿಳಿಯಬೇಡಿ.

ದುಡ್ಡಿನಲ್ಲೂ ಶಿಸ್ತು ಎಂಬುದೊಂದಿದೆ, ಅದನ್ನು ಮುರಿದರೆ ಅಂಕಪಟ್ಟಿಯಲ್ಲೇ ಏಟು ಬೀಳುತ್ತದೆ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನ ನಿಯಮದಂತೆ ಕ್ಲಬ್ಬಿನ ನಷ್ಟ ಮೂರು ವರ್ಷಗಳಲ್ಲಿ 10.5 ಕೋಟಿ ಪೌಂಡ್ ಮೀರುವಂತಿರಲಿಲ್ಲ. ಮೀರಿದ ಎವರ್ಟನ್‌ಗೆ 2023ರ ನವೆಂಬರ್‌ನಲ್ಲಿ 10 ಅಂಕ ಕಡಿತವಾಯಿತು. ಮೇಲ್ಮನವಿಯಲ್ಲಿ ಅದು 6ಕ್ಕೆ ಇಳಿಯಿತು, ಆಮೇಲೆ ಬೇರೊಂದು ಪ್ರಕರಣದಲ್ಲಿ ಮತ್ತೆ 2 ಹೋದವು. ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ ಅದೇ ಸೀಸನ್‌ನಲ್ಲಿ 4 ಅಂಕ ಹೋದವು. ನಿಮ್ಮ ಗೆಳೆಯ ಅಳುತ್ತಿರುವುದು ಮೂರು ಅಂಕಗಳಿಗೆ. ಅವಸರದ ಖರೀದಿಗೆ ಅದಕ್ಕಿಂತ ಹೆಚ್ಚು ಕಳೆದುಕೊಂಡವರಿದ್ದಾರೆ.

ಇನ್ನೊಂದು ಕಹಿ ಸತ್ಯ. ಕ್ಲಬ್ಬಿನ ಅಕಾಡೆಮಿಯಲ್ಲೇ ಬೆಳೆದ ಹುಡುಗನಿಗೆ ಖರೀದಿ ವೆಚ್ಚವಿಲ್ಲದ ಕಾರಣ ಅವನನ್ನು ಮಾರಿದರೆ ಬಂದ ಹಣವಷ್ಟೂ ಲೆಕ್ಕದಲ್ಲಿ ಲಾಭ. ಆದ್ದರಿಂದ ಅಡ್ಡಪಟ್ಟಿಯ ಮೇಲೆ ಹೊಡೆದ ಆ ಹತ್ತೊಂಬತ್ತರ ಹುಡುಗ ನಿಮ್ಮದೇ ಅಕಾಡೆಮಿಯವನಾಗಿದ್ದರೆ, ಅವನನ್ನು ಬೈಯುವ ಮೊದಲು ಅವನು ಉಳಿಯುವಂತೆ ಹಾರೈಸಿರಿ.

ಹಳೆಯ ಗೋಲ್‌ಕೀಪರ್:

ಎಡಬದಿಯವರೇ, ನಾನು ಹದಿನೈದು ವರ್ಷದೊಳಗಿನ ಹುಡುಗರಿಗೆ ತರಬೇತಿ ಕೊಡುವವನು. ದೊಡ್ಡ ಕ್ಲಬ್ಬುಗಳ ಡ್ರೆಸ್ಸಿಂಗ್ ರೂಮಿನ ಒಳಗನ್ನು ಕಂಡವನಲ್ಲ. ಆದರೆ ಸಭೆಗೆ ತಡವಾಗಿ ಬರುವುದಕ್ಕೂ ಮೈದಾನದ ಆಟಕ್ಕೂ ಏನು ಸಂಬಂಧ ಎಂಬ ನಿಮ್ಮ ಗೆಳೆಯನ ಪ್ರಶ್ನೆಗೆ ಮೈದಾನದಿಂದಲೇ ಉತ್ತರ ಕೊಡಬಹುದು ಎನಿಸುತ್ತದೆ.

ಎದುರಾಳಿಯ ಡಿಫೆಂಡರ್ ಕಡೆಗೆ ಚೆಂಡು ಉರುಳುತ್ತಿರುವಾಗಲೇ, ಅಂದರೆ ಅವನು ಅದನ್ನು ತಡೆದು ತಲೆಯೆತ್ತಿ ನೋಡುವ ಮೊದಲೇ, ನಮ್ಮ ಮುಂಚೂಣಿಯವನು ಅವನ ಮೇಲೆ ಓಡಬೇಕು. ನೇರವಾಗಿ ಓಡಿದರೆ ಪ್ರಯೋಜನವಿಲ್ಲ. ಸ್ವಲ್ಪ ವಾರೆಯಾಗಿ ಓಡಿ, ಒಂದು ಬದಿಯ ಪಾಸು ತನ್ನ ಬೆನ್ನ ಹಿಂದೆ ಮುಚ್ಚಿಹೋಗುವಂತೆ ಮಾಡಿ, ಚೆಂಡನ್ನು ಇನ್ನೊಂದು ಬದಿಗೇ ತಳ್ಳಬೇಕು. ಆ ಬದಿಯಲ್ಲಿ ನಮ್ಮ ವಿಂಗರ್ (ಮೈದಾನದ ಅಂಚಿನಲ್ಲಿ ಆಡುವವನು) ಆಗಲೇ ಮುಂದೆ ಸರಿದಿರುತ್ತಾನೆ, ಅವನ ಹಿಂದೆ ಮಿಡ್‌ಫೀಲ್ಡರ್, ಅವನ ಹಿಂದೆ ಡಿಫೆನ್ಸ್‌ನ ಇಡೀ ಸಾಲು ಹತ್ತು ಗಜ ಮೇಲೆ ಬಂದಿರುತ್ತದೆ. ಮೊದಲಿನವನು ಅರೆ ಕ್ಷಣ ತಡಮಾಡಿದರೆ ಏನಾಗುತ್ತದೆ? ಡಿಫೆಂಡರ್ ತಲೆಯೆತ್ತುತ್ತಾನೆ, ನಮ್ಮವರ ಬೆನ್ನ ಹಿಂದಿನ ಖಾಲಿ ಜಾಗ ಅವನ ಕಣ್ಣಿಗೆ ಬೀಳುತ್ತದೆ, ಒಂದು ಉದ್ದ ಪಾಸಿಗೆ ಹತ್ತು ಜನರ ಓಟ ವ್ಯರ್ಥ. ಗೋಲು ಬಿದ್ದಾಗ ಟಿವಿಯಲ್ಲಿ ತೋರಿಸುವುದು ಹಿಂದೆ ಬಿದ್ದ ಡಿಫೆಂಡರ್‌ನನ್ನು, ಬಯ್ಯುವುದು ಗೋಲ್‌ಕೀಪರ್‌ನನ್ನು. ತಪ್ಪು ಮಾಡಿದವನು ಅರವತ್ತು ಗಜ ಆಚೆ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿರುತ್ತಾನೆ. ಎಷ್ಟೋ ವರ್ಷ ಗೋಲಿನ ನಡುವೆ ನಿಂತವನ ಮಾತಿದು, ಸ್ವಲ್ಪ ಕಹಿ ಇದ್ದರೆ ಕ್ಷಮಿಸಿ.

ಇಂಥ ಆಟದಲ್ಲಿ ಇನ್ನೊಬ್ಬ ಸಮಯಕ್ಕೆ ಬಂದೇ ಬರುತ್ತಾನೆ ಎಂಬ ಭರವಸೆಯ ಮೇಲೆ ಪ್ರತಿಯೊಬ್ಬನೂ ತನ್ನ ಜಾಗ ಬಿಟ್ಟು ಮುಂದೆ ಹೋಗುತ್ತಾನೆ. ಬೆಳಗಿನ ಸಭೆಗೆ ಬಾರದವನು ಆ ಓಟಕ್ಕೆ ಬರುತ್ತಾನೆಂದು ಹುಡುಗರು ನಂಬುವುದಿಲ್ಲ. ನಂಬದಿದ್ದರೆ ಅವರು ಎರಡು ಗಜ ಹಿಂದೆಯೇ ನಿಲ್ಲುತ್ತಾರೆ, ಯಾರಿಗೂ ಹೇಳದೆ. ನಾನೇ ಒಮ್ಮೆ, ಸೆಮಿಫೈನಲ್ ಇದೆಯಲ್ಲ ಎಂದು, ಎರಡು ದಿನ ಅಭ್ಯಾಸಕ್ಕೆ ಬಾರದ ನಮ್ಮ ಅತ್ಯುತ್ತಮ ಹುಡುಗನನ್ನು ಆಡಿಸಿದೆ. ಅವನು ಎರಡು ಗೋಲು ಹೊಡೆದ, ಗೆದ್ದೆವು. ಮುಂದಿನ ವಾರ ಅಭ್ಯಾಸಕ್ಕೆ ನಾಲ್ವರು ತಡವಾಗಿ ಬಂದರು. ಅವರಿಗೆ ಏನು ಹೇಳಲಿ? ಹೇಳುವ ಬಾಯಿಯನ್ನು ನಾನೇ ಕಟ್ಟಿಹಾಕಿಕೊಂಡಿದ್ದೆ.

ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಮೂರು ಸಲ ತಡವಾಗಿ ಬಂದ ಮತ್ತೊಬ್ಬ ಹುಡುಗನನ್ನು ಎಲ್ಲರ ಮುಂದೆ ಗದರಿಸಿ ಕೂರಿಸಿದ್ದೆ. ತಿಂಗಳ ನಂತರ ತಿಳಿಯಿತು, ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿಗೆ ಔಷಧಿ ಕೊಟ್ಟು ಹೊರಡುತ್ತಿದ್ದನಂತೆ. ಕಾರಣ ಕೇಳುವ ಮೊದಲೇ ಶಿಕ್ಷೆ ಕೊಟ್ಟಿದ್ದೆ. ನಿಮ್ಮ ಗೋಲುಗಾರನಿಗೆ ಮೂರನೆಯ ಸಲ ಶಿಕ್ಷೆಯಾಗಿದೆಯೆಂದರೆ ಮೊದಲ ಎರಡು ಸಲ ಮಾತುಕತೆ ಆಗಿರಬೇಕು ಎಂದು ಭಾವಿಸುತ್ತೇನೆ. ಹೊರಗಿನಿಂದ ನಮಗೆ ಅದು ಕಾಣುವುದಿಲ್ಲ.

ಮೈದಾನದೊಳಗಿನ ಶಿಸ್ತು ಬೇರೆಯೇ ಇದೆ, ಅದನ್ನು ಲೆಕ್ಕ ಹಾಕುವುದು ಸುಲಭ. ಉತ್ತರ ಗ್ಯಾಲರಿಯವರ ತಂಡವನ್ನೇ ತೆಗೆದುಕೊಳ್ಳಿ. 2024–25ರ ಮೊದಲ ಎಂಟು ಲೀಗ್ ಪಂದ್ಯಗಳಲ್ಲೇ ಮೂರು ಕೆಂಪು ಕಾರ್ಡ್: ಮುನ್ನಡೆಯಲ್ಲಿದ್ದ ಬ್ರೈಟನ್ ಪಂದ್ಯದಲ್ಲಿ ರೈಸ್ ಹೊರಹೋಗಿ 1–1, ಮುನ್ನಡೆಯಲ್ಲಿದ್ದ ಸಿಟಿ ಪಂದ್ಯದಲ್ಲಿ ಟ್ರೊಸಾರ್ಡ್ ಹೊರಹೋಗಿ ಕೊನೆಯ ಗಳಿಗೆಯಲ್ಲಿ 2–2, ಬೋರ್ನ್‌ಮತ್‌ನಲ್ಲಿ ಸಲಿಬಾ ಹೊರಹೋಗಿ 0–2. ಆ ಮೂರೂ ಪಂದ್ಯಗಳಲ್ಲಿ ಕೈಬಿಟ್ಟದ್ದು ಒಟ್ಟು ಏಳು ಅಂಕ. ಮೊದಲೆರಡು ಕೆಂಪು ಕಾರ್ಡ್‌ಗಳು ಎರಡನೇ ಹಳದಿ ಕಾರ್ಡಿನಿಂದ ಬಂದವು, ಅದೂ ಆಟ ನಿಂತ ಮೇಲೆ ಚೆಂಡನ್ನು ಒದ್ದದ್ದಕ್ಕೆ. ತೀರ್ಪುಗಾರರು ಕಠಿಣವಾದರೆಂದು ವಾದಿಸಬಹುದು, ವಾದಿಸಿದ್ದೂ ಆಯಿತು. ಆದರೂ ಸೀಟಿ ಊದಿದ ಮೇಲೆ ಚೆಂಡನ್ನು ಮುಟ್ಟಬೇಡ ಎಂದು ನಾನು ಹನ್ನೆರಡು ವರ್ಷದ ಹುಡುಗನಿಗೂ ಹೇಳಿಕೊಡುತ್ತೇನೆ.

ಎಡಬದಿಯವನು:

ಎಲ್ಲರಿಗೂ ಕೃತಜ್ಞತೆಗಳು. "ತಂಡ ಹೇಗೆ ಆಡುತ್ತಿದೆ ಎಂದು ಬರೆದೇ ಇಲ್ಲ" ಎಂಬ ಮಧ್ಯಂತರ ವಿರಾಮದವರ ಮಾತು ಚುಚ್ಚಿತು, ಆದ್ದರಿಂದ ನಿನ್ನೆ ಆ ಸೋತ ಪಂದ್ಯವನ್ನು ಇನ್ನೊಮ್ಮೆ ಪೂರ್ತಿ ನೋಡಿದೆ. ಚೆಂಡನ್ನು ಬಿಟ್ಟು, ಹಳೆಯ ಗೋಲ್‌ಕೀಪರ್ ಅವರು ಹೇಳಿದಂತೆ, ಮುಂಚೂಣಿಯ ಹುಡುಗನೊಬ್ಬನನ್ನೇ ನೋಡುತ್ತಾ ಕುಳಿತೆ.

ಮೊದಲ ಸಲ ನೋಡಿದಾಗ ಆ ಹುಡುಗ ನನ್ನ ನೆನಪಿನಲ್ಲಿ ಉಳಿದದ್ದು ಒಂದು ಒದೆತದಿಂದ ಮಾತ್ರ. ಎರಡನೇ ಸಲ ಕಂಡದ್ದು ಬೇರೆ. ಮೊದಲ ಅರ್ಧದಲ್ಲಿ ಎದುರಾಳಿಯ ಗೋಲ್‌ಕೀಪರ್ ಒಂಬತ್ತು ಸಲ ಚೆಂಡನ್ನು ಎತ್ತಿ ಒದ್ದು ನಮ್ಮವರ ಕೈಗೇ ಕೊಟ್ಟಿದ್ದಾನೆ, ಆ ಒಂಬತ್ತರಲ್ಲಿ ಏಳು ಸಲ ಈ ಹುಡುಗನ ಓಟಕ್ಕೆ ಹೆದರಿ. ನಮ್ಮ ಡಿಫೆನ್ಸ್ ಸಾಲು ಮೈದಾನದ ನಡುಗೆರೆಯ ಹತ್ತಿರ ನಿಂತಿತ್ತು. ಹಿಂದಿನ ವಾರ ಗೋಲುಗಾರ ಆಡಿದ್ದ ಪಂದ್ಯವನ್ನು ತೆಗೆದು ಹೋಲಿಸಿದರೆ ಅದೇ ಸಾಲು ಕಣ್ಣಿಗೆ ಕಾಣುವಷ್ಟು ಕೆಳಗಿತ್ತು. ಆ ಪಂದ್ಯವನ್ನು ನಾವು 2–1ರಿಂದ ಗೆದ್ದಿದ್ದೆವು, ಅವನೇ ಎರಡೂ ಗೋಲು ಹೊಡೆದಿದ್ದ. ಆ ದಿನ ನಾನು ಕುಣಿದಿದ್ದೆ. ಗೆದ್ದ ಪಂದ್ಯಕ್ಕಿಂತ ಸೋತದ್ದನ್ನು ಚೆನ್ನಾಗಿ ಆಡಿದೆವೆಂದು ಬರೆಯಲು ಈಗಲೂ ಕೈ ಹಿಂಜರಿಯುತ್ತಿದೆ, ಗೆಳೆಯನ ಮುಂದೆ ಹೇಳಿದರೆ ಅವನು ನಗುತ್ತಾನೆ.

ನಾನು ಮಾಡುತ್ತಿದ್ದ ಇನ್ನೊಂದು ತಪ್ಪೂ ಅರಿವಿಗೆ ಬಂತು. ನನ್ನ ನಿರೀಕ್ಷೆಯ ಅಳತೆಗೋಲು ನಾವು ಲೀಗ್ ಗೆದ್ದ ಆ ಹಳೆಯ ತಂಡ. ಈಗಿನ ತಂಡದ ಸಂಬಳದ ಮೊತ್ತ, ವಯಸ್ಸು, ಎದುರಾಳಿಗಳ ಬಲ ಇವುಗಳಲ್ಲಿ ಯಾವುದನ್ನೂ ನಾನು ಅದಕ್ಕೆ ಹೊಂದಿಸಿರಲಿಲ್ಲ. ಈ ಸಲ ಏಳು ಅಥವಾ ಎಂಟನೇ ಸ್ಥಾನ ಬಂದರೆ ಅದು ಸಾಧನೆಯೇ ಎಂದು ಈಗ ಅನ್ನಿಸುತ್ತಿದೆ, ಆದರೆ ಹೀಗೆ ಹೇಳುತ್ತಾ ಹೋದರೆ ಪ್ರತಿ ವರ್ಷ ಎಂಟನೇ ಸ್ಥಾನಕ್ಕೇ ಒಗ್ಗಿಹೋಗುವ ಭಯವೂ ಇದೆ. ಆ ಗೆರೆಯನ್ನು ಎಲ್ಲಿ ಎಳೆಯುವುದು?

ಉತ್ತರ ಗ್ಯಾಲರಿ:

ಲಿವರ್‌ಪೂಲ್‌ನವರನ್ನು ಹೊಗಳುವುದು ನನಗೆ ಕಷ್ಟವಾದರೂ ಇಲ್ಲಿ ಅವರದೇ ಉದಾಹರಣೆ ಹೊಂದುತ್ತದೆ. ಕ್ಲಾಪ್ 2015ರ ಅಕ್ಟೋಬರ್‌ನಲ್ಲಿ ಅವರ ಮ್ಯಾನೇಜರ್ ಆಗಿ ಬಂದರು. ಆ ಸೀಸನ್ ಎಂಟನೇ ಸ್ಥಾನ, ಜೊತೆಗೆ ಎರಡು ಫೈನಲ್‌ಗಳಲ್ಲಿ ಸೋಲು. ನಂತರದ ಎರಡೂ ಸೀಸನ್ ನಾಲ್ಕನೇ ಸ್ಥಾನ, ಎರಡನೆಯದರಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲೂ ಸೋಲು. ಮೂರು ವರ್ಷ ಒಂದು ಕಪ್ಪೂ ಇಲ್ಲ. ಆದರೆ ಎಂಟರಿಂದ ನಾಲ್ಕಕ್ಕೆ ಬಂದ ತಂಡ ಮತ್ತೆ ಎಂಟಕ್ಕೆ ಜಾರಲಿಲ್ಲ, ಪ್ರತಿ ವರ್ಷ ಅತ್ಯಂತ ಬಲಹೀನ ಜಾಗವೊಂದನ್ನು ಗುರುತಿಸಿ ಅಲ್ಲಿಗೆ ಸರಿಯಾದವನನ್ನು ತಂದರು: 2018ರ ಜನವರಿಯಲ್ಲಿ ಡಿಫೆಂಡರ್ ವಾನ್ ಡೈಕ್, ಅದೇ ಬೇಸಿಗೆಯಲ್ಲಿ ಗೋಲ್‌ಕೀಪರ್ ಅಲಿಸನ್. 2019ರಲ್ಲಿ ಯುರೋಪಿನ ಕಪ್, 2020ರಲ್ಲಿ ಮೂವತ್ತು ವರ್ಷಗಳ ನಂತರ ಲೀಗ್. ಶಿಸ್ತಿನ ವಿಷಯದಲ್ಲೂ, 2016ರ ಅಮೆರಿಕ ಪ್ರವಾಸದಲ್ಲಿ ವಿಮಾನಕ್ಕೂ ಊಟಕ್ಕೂ ತಡವಾಗಿ ಬಂದ ಸಾಖೊನನ್ನು ಕ್ಲಾಪ್ ಮನೆಗೆ ಕಳುಹಿಸಿದ್ದರು. ಅವನು ಪ್ರೇಕ್ಷಕರ ಕಣ್ಮಣಿಯಾಗಿದ್ದವನು. ಎಂಟನೇ ಸ್ಥಾನದ ಬಗ್ಗೆ ನಿಮಗಿರುವ ಭಯ ಸರಿಯಾದದ್ದೇ; ಎರಡನೇ ಸಲವೂ ಅಲ್ಲೇ ನಿಂತರೆ ಭಯಪಡಿ.

ಮಧ್ಯಂತರ ವಿರಾಮ:

ಈಗ ನೀವು ಗುರುತು ಕೊಟ್ಟಿದ್ದೀರಿ, ಒಪ್ಪಿಕೊಳ್ಳುತ್ತೇನೆ. ಆದರೂ ನನ್ನದೊಂದು ಕೋರಿಕೆ. ಏನು ಕಂಡರೆ ಈ ಮ್ಯಾನೇಜರ್‌ನ ಮೇಲೆ ನಂಬಿಕೆ ಕಳೆದುಕೊಳ್ಳುತ್ತೀರಿ ಎಂಬುದನ್ನು ಇವತ್ತೇ, ಸೀಸನ್ನಿನ ನಡುವೆಯೇ, ದಿನಾಂಕ ಹಾಕಿ ಬರೆದಿಡಿ. ಮೇ ತಿಂಗಳಲ್ಲಿ ಬರೆದರೆ ಆದದ್ದಕ್ಕೆಲ್ಲ ಕಾರಣ ಹುಡುಕಿಕೊಳ್ಳುತ್ತೀರಿ. ನಾವು ಹನ್ನೆರಡು ವರ್ಷ ಮಾಡಿದ್ದು ಅದನ್ನೇ. ಮತ್ತೆ, ಗೋಲುಗಾರನ ಬಗ್ಗೆ ತೋರಿದ ಕಠಿಣತೆಯನ್ನು ಮ್ಯಾನೇಜರ್ ತಾನೇ ಆರಿಸಿ ತಂದ ಆಟಗಾರ ತಪ್ಪಿದಾಗಲೂ ತೋರಿಸುತ್ತಾರೆಯೇ ನೋಡಿ. ತೋರಿಸದಿದ್ದರೆ ನಿಮ್ಮ ಗೆಳೆಯ ಹೇಳಿದ ಅಹಂಕಾರದ ಮಾತಿಗೆ ನನ್ನ ಮತವೂ ಇದೆ.

ಎಡಬದಿಯವನು:

ಬರೆದಿಟ್ಟಿದ್ದೇನೆ, ಮೂರು ಸಾಲು. ಮಾರ್ಚ್ ಕೊನೆಯೊಳಗೆ ಡಿಫೆನ್ಸ್ ಸಾಲು ಮತ್ತೆ ಕೆಳಗಿಳಿದು ಚೆಂಡನ್ನು ಎತ್ತಿ ಒದೆಯುವ ಹಳೆಯ ಆಟಕ್ಕೆ ಮರಳಿದರೆ, ಬೇಸಿಗೆಯಲ್ಲಿ ಕೊಂಡ ನಾಲ್ವರಲ್ಲಿ ಮೂವರು ಬೆಂಚಿನಲ್ಲೇ ಉಳಿದರೆ, ಒಬ್ಬರಿಗೊಂದು ಇನ್ನೊಬ್ಬರಿಗೊಂದು ನಿಯಮ ಕಂಡರೆ ನನ್ನ ಅಭಿಪ್ರಾಯ ಬದಲಾಗುತ್ತದೆ. ಸ್ಥಾನದ ಸಂಖ್ಯೆಯನ್ನು ಬರೆಯಲಿಲ್ಲ. ಬರೆಯಬೇಕೇ ಎಂದು ತುಂಬಾ ಯೋಚಿಸಿದೆ.

ಗೋಲುಗಾರ ಇವತ್ತು ಅಭ್ಯಾಸಕ್ಕೆ ಮರಳಿದ್ದಾನೆಂದು ಕ್ಲಬ್ ಹಾಕಿದ ಚಿತ್ರಗಳಲ್ಲಿ ಕಂಡೆ. ಎಲ್ಲರಿಗಿಂತ ಮುಂದೆ ಓಡುತ್ತಿದ್ದ, ಅದು ಕ್ಯಾಮೆರಾ ಇದ್ದದ್ದಕ್ಕೂ ಇರಬಹುದು ಎಂದು ಗೆಳೆಯನೇ ಹೇಳಿದ. ಮುಂದಿನ ಪಂದ್ಯ ಬುಧವಾರ. ಅವನೋ ಆ ಹತ್ತೊಂಬತ್ತರ ಹುಡುಗನೋ, ಆರಂಭದ ಹನ್ನೊಂದರ ಪಟ್ಟಿ ಬಂದ ಕೂಡಲೇ ಇಲ್ಲಿ ಬರೆಯುತ್ತೇನೆ.